ವಿಮಾನದ ಬಾಗಿಲ ಮೇಲಿನ ಹೆಸರು

ಲೋಕಾಪುರದಲ್ಲಿ ನನ್ನ ಅಂಗಡಿಗೆ ಹೊಂದಿಕೊಂಡು ಬೈಕುಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ ಇದೆ. ಹೋದ ಮಳೆಗಾಲದಲ್ಲಿ, ಮೂರು ದಿನದ ಜಿಟಿಜಿಟಿ ಇನ್ನೂ ಬಿಡದಿದ್ದಾಗಲೇ, ಅಲ್ಲಿಯವರು ಅವಸರಕ್ಕೆ ಬಿದ್ದು ಒಂದು ಪೆಟ್ರೋಲ್ ಟ್ಯಾಂಕಿಗೆ ಬಣ್ಣದ ಮೇಲಿನ ಹೊಳಪಿನ ಲ್ಯಾಕರ್ ಹೊಡೆದರು. ಗಾಳಿಯಲ್ಲಿ ತೇವ ಇದ್ದರೆ ಲ್ಯಾಕರ್ ಒಣಗುತ್ತ ಒಣಗುತ್ತ ಮಜ್ಜಿಗೆ ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಅವರದೂ ಹಾಗೇ ಆಯಿತು. ಅವರು ಮಳೆಯನ್ನು ಬೈಯುತ್ತಿದ್ದರು. ನಾನು ಕೌಂಟರಿನ ಹಿಂದೆ ಕುಳಿತಿದ್ದೆ. ಆ ಥಿನ್ನರಿನ ಕಟುವಾಸನೆ ಮೂಗಿಗೆ ಬಡಿದದ್ದೇ ತಡ, ನೆನಪಿನಲ್ಲಿ ಜಮಖಂಡಿಯ ಒಂದು ಮಾಳಿಗೆ ಕೋಣೆಗೆ ಹೋಗಿಬಿಟ್ಟಿದ್ದೆ. ಅಲ್ಲಿ ಒಂದು ಮಳೆಗಾಲ ಪೂರ್ತಿ ನಾನು ಒಂದು ಪುಟ್ಟ ವಿಮಾನಕ್ಕೆ ಅಕ್ಷರ ಅಂಟಿಸಿದ್ದೆ. ಅಂಟಿಸಬಾರದಿದ್ದ ಒಂದು ಹೆಸರನ್ನೂ ಅಂಟಿಸಿದ್ದೆ.

ಆಗ ನನಗೆ ಇಪ್ಪತ್ತಮೂರು. ನಮ್ಮದು ಬನಹಟ್ಟಿಯ ನೇಕಾರರ ಮನೆ. ಅಪ್ಪನ ಮಗ್ಗಗಳಿಗಾಗಿ ಸೀರೆಯಂಚಿನ ಡಿಸೈನನ್ನು ಕಂಪ್ಯೂಟರಿನಲ್ಲಿ ಬಿಡಿಸುವುದನ್ನು ನಾನು ಕಲಿತಿದ್ದೆ. ಆ ಕಲಿಕೆಯೇ ನನ್ನನ್ನು ಜಮಖಂಡಿಯ ಸೋದರಮಾವ ಶಂಕ್ರಪ್ಪ ಮಾಮಾನ ರೇಡಿಯಂ ಸ್ಟಿಕರ್ ಅಂಗಡಿಗೆ ತಂದು ಕೂರಿಸಿತ್ತು. ಬೈಕಿನ ನಂಬರ್ ಪ್ಲೇಟು, ಟ್ರ್ಯಾಕ್ಟರಿನ ಹಿಂದೆ ಮನೆದೇವರ ಹೆಸರು, ಸೀಮಂತ ಮತ್ತು ಹುಟ್ಟುಹಬ್ಬದ ಫ್ಲೆಕ್ಸು, ಇದು ನಮ್ಮ ಕೆಲಸ. ದಿನಾ ಬನಹಟ್ಟಿಯಿಂದ ಬಸ್ಸಿನಲ್ಲಿ ಬಂದು ಸಂಜೆ ಹೋಗುತ್ತಿದ್ದೆ. ಅವ್ವನಿಗೆ ಅದು ಅಷ್ಟು ಒಪ್ಪಿಗೆಯಿರಲಿಲ್ಲ. ಹೆಣ್ಣು ನೋಡುವವರು ಬಂದಾಗ ಹುಡುಗಿ ಮನೆಯಲ್ಲೇ ಇರುವುದಿಲ್ಲ ಎನ್ನುವುದು ಅವಳ ತಕರಾರು.

ಶ್ರಾವಣದ ಮೊದಲ ವಾರ ಒಬ್ಬರು ರೇನ್‌ಕೋಟಿನ ಒಳಗೆ ಕಾಗದದ ಸುರುಳಿಯೊಂದನ್ನು ಎದೆಗೆ ಅವಚಿಕೊಂಡು ಅಂಗಡಿಯ ಮೆಟ್ಟಿಲು ಹತ್ತಿದರು. ಮಾಮಾ ಎದ್ದು ನಿಂತ. ಅವನು ಐಟಿಐ ಕಲಿಯುವಾಗ ಫಿಟ್ಟರ್ ಪಾಠ ಹೇಳಿದ ಅಡಿವೆಪ್ಪ ಸರ್ ಅವರು. ನಿವೃತ್ತಿಯಾಗಿ ಕೆಲವು ವರ್ಷವಾಗಿತ್ತು.

"ಸಣ್ಣ ಅಕ್ಷರ ಅಂದ್ರ ಎಷ್ಟ ಸಣ್ಣವು ಕಟ್ ಆಗತಾವ ಶಂಕ್ರಪ್ಪಾ?"

"ನಿಮಗ ಎಷ್ಟ ಬೇಕ್ರಿ ಸರ್?"

"ಜ್ವಾಳದ ಕಾಳಿನಷ್ಟು."

ಮಾಮಾ ನಕ್ಕ. "ಅಷ್ಟ ಸಣ್ಣವ್ನ ಯಾರ ಓದತಾರ್ರಿ?"

"ಓದೂದಕ್ಕಲ್ಲೋ. ಇರೂದಕ್ಕ," ಎಂದು ಸರ್ ಸುರುಳಿ ಬಿಚ್ಚಿದರು.

ಅದರಲ್ಲಿ ಒಂದು ವಿಮಾನದ ನಕ್ಷೆಯಿತ್ತು. ಪ್ರತಿ ಮೊಳೆಗೂ ಗುರುತು, ಪ್ರತಿ ಅಕ್ಷರಕ್ಕೂ ಅಳತೆ. ರಿಮೋಟಿನಿಂದ ಹಾರಿಸುವ ವಿಮಾನ ಅದು. ಸರ್ ಮೊದಲು ಥರ್ಮಾಕೋಲಿನ ಸಣ್ಣ ವಿಮಾನಗಳನ್ನು ಮಾಡಿ ಊರಾಚೆಯ ಬಯಲಲ್ಲಿ ಹಾರಿಸುತ್ತಿದ್ದರಂತೆ. ಇದು ಮಾತ್ರ ದೊಡ್ಡದು, ಬಾಲ್ಸಾ ಎಂಬ ಹಗುರ ಕಟ್ಟಿಗೆಯದು, ನನ್ನೆರಡೂ ತೋಳು ಚಾಚಿದರೂ ರೆಕ್ಕೆಯ ತುದಿ ಮುಟ್ಟದಷ್ಟು ಅಗಲ. ಎರಡು ವರ್ಷದಿಂದ ಕಟ್ಟುತ್ತಿದ್ದರು. ಬಣ್ಣ ಮುಗಿದಿತ್ತು. ಉಳಿದದ್ದು ಕೊನೆಯ ನಯಗೆಲಸ: ಅಕ್ಷರ, ಗೆರೆ, ಗುರುತು. ಆದರೆ ಅಷ್ಟರಲ್ಲಿ ಅವರ ಬಲಗಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ವಿಮಾನ ಮುಗಿಯಲಿ ಅನ್ನುತ್ತಿದ್ದರು.

"ನನಗ ಕೈ ಅದಾವ, ಕಣ್ಣಿಲ್ಲ," ಎಂದರು. "ಕಣ್ಣಿದ್ದವರು ಒಬ್ಬರು ಬೇಕು."

ಮಾಮಾ ನನ್ನತ್ತ ತೋರಿಸಿದ.

ಹೀಗೆ ನಾನು ಸರ್ ಅವರ ಮನೆಯ ಆ ಮಾಳಿಗೆ ಹತ್ತಿದೆ. ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಕಡಿಮೆ. ಒಂದೆರಡು ತಾಸು ಬಿಡುವು ಮಾಡಿಕೊಂಡು ಹೋಗುತ್ತಿದ್ದೆ. ಕೋಣೆಯ ನಡುವೆ ಉದ್ದ ಮೇಜು, ಅದರ ಮೇಲೆ ಹತ್ತಿಯ ಗಾದಿ, ಗಾದಿಯ ಮೇಲೆ ಬಿಳಿ ವಿಮಾನ, ಹೊಟ್ಟೆಗುಂಟ ಒಂದು ನೀಲಿ ಪಟ್ಟಿ. ಮೊದಲ ದಿನ ನಾನು ಅಂಗಡಿಯ ರೇಡಿಯಂ ಹಾಳೆಯಲ್ಲೇ ಅಕ್ಷರ ಕತ್ತರಿಸಿ ಒಯ್ದಿದ್ದೆ. ಸರ್ ಅವನ್ನು ಅಕ್ಕಸಾಲಿಗರ ಸಣ್ಣ ತಕ್ಕಡಿಯಲ್ಲಿ ತೂಗಿ ತಲೆಯಾಡಿಸಿದರು. ಬಾಲದ ಕಡೆ ಒಂದಿಷ್ಟು ಭಾರ ಹೆಚ್ಚಾದರೂ ವಿಮಾನ ಮೂಗೆತ್ತುತ್ತದೆ, ಹಾರುವಾಗ ತೊಯ್ದಾಡುತ್ತದೆ. ಅಲ್ಲದೆ ರೇಡಿಯಂ ದಪ್ಪ. ಅಂಚು ಬೆರಳಿಗೆ ತಾಕುತ್ತದೆ.

ಪುಣೆಯಿಂದ ಬೇರೆ ಕಾಗದ ತರಿಸಿದೆವು. ಅದರ ಮೇಲೆ ಅಕ್ಷರ ಛಾಪಿಸಿ, ಮೇಲೊಂದು ತೆಳು ಲ್ಯಾಕರ್ ಹೊಡೆದು ಒಣಗಿಸಿ, ಕತ್ತರಿಸಿ ಉಗುರುಬೆಚ್ಚಗಿನ ನೀರಲ್ಲಿ ಬಿಡಬೇಕು. ಸ್ವಲ್ಪ ಹೊತ್ತಿಗೆ ಅಕ್ಷರದ ಪೊರೆ ಕಾಗದದಿಂದ ಸಡಿಲಾಗುತ್ತದೆ. ಬೆರಳ ತುದಿಯಿಂದ ಅದನ್ನು ಜಾರಿಸಿ ವಿಮಾನದ ಮೈಮೇಲೆ ಕೂರಿಸಿ, ಹಳೇ ಧೋತರದ ಮೆತ್ತನೆ ತುಂಡಿನಿಂದ ನೀರು ಹೀರಬೇಕು. ಕೆಳಗೆ ಗಾಳಿಗುಳ್ಳೆ ಉಳಿದರೆ ಸೂಜಿಯಿಂದ ಚುಚ್ಚಬೇಕು. ಉಸಿರು ಜೋರಾಗಿ ಬಿಟ್ಟರೂ ಪೊರೆ ಮಡಚಿಕೊಳ್ಳುತ್ತಿತ್ತು. ಮೊದಲ ವಾರ ನಾನು ಹತ್ತಕ್ಕೆ ಎಂಟು ಹಾಳು ಮಾಡಿದೆ. ಸರ್ ಒಮ್ಮೆಯೂ ಸಿಡುಕಲಿಲ್ಲ. "ಇನ್ನೊಂದ ತಗೋ ತಂಗಿ," ಅಷ್ಟೇ.

ಬಾಲಕ್ಕೆ ನೋಂದಣಿ ಅಕ್ಷರಗಳು ಹೋದವು. ರೆಕ್ಕೆಯ ಬುಡಕ್ಕೆ 'ಇಲ್ಲಿ ಕಾಲಿಡಬೇಡಿ' ಎಂಬ ಇಂಗ್ಲಿಷ್ ಸಾಲು, ಪೆಟ್ರೋಲ್ ಮುಚ್ಚಳದ ಸುತ್ತ ಕೆಂಪು ಉಂಗುರ. ನಿಜವಾದ ವಿಮಾನದಲ್ಲಿ ತಗಡು ತಗಡು ಕೂಡುವ ಗೆರೆಗಳನ್ನು ಸರ್ ಪಟ್ಟಿ ಹಿಡಿದರೆ ನಾನು ಸೀಸದ ಕಡ್ಡಿಯಿಂದ ಎಳೆಯುತ್ತಿದ್ದೆ. ಮೊಳೆಯ ತಲೆಗಳಂತೆ ಕಾಣಲು ಸಿರಿಂಜಿನಲ್ಲಿ ಅಂಟು ತುಂಬಿ ಒಂದೊಂದೇ ಹನಿ ಇಡುತ್ತ ಹೋದೆವು.

"ಇಷ್ಟ ಸಣ್ಣ ರೆಕ್ಕಿ ಮ್ಯಾಲೆ ಯಾರ ಕಾಲ ಇಡತಾರ್ರಿ ಸರ್?" ಎಂದು ಒಮ್ಮೆ ಕೇಳಿದೆ.

"ಖರೆ ವಿಮಾನದ ಮ್ಯಾಲೆ ಐತಿ. ಅಂದಮ್ಯಾಲೆ ಇದರ ಮ್ಯಾಲೂ ಇರಬೇಕು."

ಆ ಖರೆ ವಿಮಾನ ಯಾವುದು ಅನ್ನುವುದು ಎರಡನೇ ದಿನವೇ ಗೊತ್ತಾಗಿತ್ತು. ಅವರ ಒಬ್ಬಳೇ ಮಗಳು ವೀಣಾ ಬೇರೆ ರಾಜ್ಯದ ಒಂದು ಶಾಲೆಯಲ್ಲಿ ವಿಮಾನ ಹಾರಿಸುವುದನ್ನು ಕಲಿತಿದ್ದಳು. ಪಕ್ಕದಲ್ಲಿ ಗುರುಗಳಿಲ್ಲದೆ ಅವಳು ಮೊದಲ ಸಲ ಹಾರಿಸಿದ ವಿಮಾನವೇ ಅದು. ಅದರ ಬಾಗಿಲ ಮೇಲೆ ಕೈಯಿಟ್ಟು ಅವಳು ನಿಂತಿದ್ದ ಫೋಟೋ ಒಂದೇ ನಮಗೆ ಆಧಾರ. ಸರ್ ಅದನ್ನು ದೊಡ್ಡದು ಮಾಡಿಸಿ, ಬೇಕಾದ ಭಾಗಗಳನ್ನಷ್ಟೇ ಕತ್ತರಿಸಿ ಗೋಡೆಗೆ ಹಚ್ಚಿದ್ದರು. ಬಾಗಿಲು, ಚಕ್ರ, ರೆಕ್ಕೆಗೆ ಆಸರೆಯಾದ ಕಂಬಿ. ನಾನು ಅವನ್ನು ನೋಡಿ ನೋಡಿ ಮೊಳೆ ಎಣಿಸುತ್ತಿದ್ದೆ.

"ಇನ್ನೊಂದಿಷ್ಟ ತಾಸು ಹಾರಸೂದ ಉಳದೈತಿ," ಎಂದು ಸರ್ ಹೇಳುತ್ತಿದ್ದರು. "ಅದ ಮುಗದ್ರ ಆತು. ಕ್ಯಾಪ್ಟನ್."

ನನಗೆ ಅದರ ನಶೆ ಏರಿತ್ತು ಅಂತಲೇ ಹೇಳಬೇಕು. ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಇದೇ ಜಮಖಂಡಿಯ ಹುಡುಗಿ, ಮೋಡದ ಮೇಲೆ ಒಬ್ಬಳೇ. ಮನೆಯಲ್ಲಿ ಅವ್ವ ಗೊಣಗಿದಾಗ, "ಅಡಿವೆಪ್ಪ ಸರ್ ಮಗಳು ವಿಮಾನ ಹಾರಸ್ತಾಳ, ನಾ ಬಸ್ಸಿನಾಗ ಕುಂತ ಜಮಖಂಡಿಗೆ ಹೋಗಬಾರದೇನು?" ಎಂದು ಬಾಯಿ ಮುಚ್ಚಿಸುತ್ತಿದ್ದೆ. ವಿಮಾನದೊಳಗೆ ಕೂರಿಸಲು ಸರ್ ತರಿಸಿದ್ದ ಪುಟ್ಟ ಗೊಂಬೆಗೆ ಮೀಸೆಯಿತ್ತು. ನಾನು ಮೀಸೆ ಕೆರೆದು ತೆಗೆದು, ಬಿರುಕಿಗೆ ಮೆತ್ತುವ ಲಾಂಬಿಯಿಂದ ಒಂದು ಜಡೆ ಮಾಡಿ ಅಂಟಿಸಿದೆ. ಸರ್ ಅದನ್ನು ಎಡಗಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

ಗಣಪತಿ ಹಬ್ಬದ ಮರುವಾರ ಬಾಗಿಲ ಮೇಲೆ ಹೆಸರು ಹಾಕುವ ಸರದಿ ಬಂತು. ಕ್ಯಾಪ್ಟನ್ ವೀಣಾ, ಇಂಗ್ಲಿಷಿನಲ್ಲಿ, ಓರೆ ಅಕ್ಷರದಲ್ಲಿ. ಸರ್ ಅವರ ಹೆಂಡತಿ ಚಹಾ ತಂದಿದ್ದರು. ನಾನು ಅವರನ್ನು ಕಾಕಿ ಅನ್ನುತ್ತಿದ್ದೆ. ಮಾತು ಕಡಿಮೆಯ ಹೆಂಗಸು. ಅವತ್ತು ಬಟ್ಟಲಲ್ಲಿ ತೇಲುತ್ತಿದ್ದ ಅಕ್ಷರಗಳನ್ನು ನೋಡಿ ತಟ್ಟೆ ಹಿಡಿದುಕೊಂಡೇ ನಿಂತರು.

"ಇದನ್ನ ವೀಣಾಗ ಕೇಳೀರೇನ್ರಿ?"

"ಕೇಳೂದೇನೈತಿ ಇದರಾಗ," ಎಂದರು ಸರ್.

ಕಾಕಿ ನನ್ನ ಮುಖ ನೋಡಿದರು. ಆ ನೋಟದಲ್ಲಿ ಏನೋ ಇತ್ತು. ನಾನು ಗಮನಿಸಿದೆ, ಗಮನಿಸಿಯೂ ಬಟ್ಟಲಿನತ್ತ ಬಗ್ಗಿದೆ. ಅಕ್ಷರ ನೀರಲ್ಲಿ ಹೆಚ್ಚು ಹೊತ್ತು ಇದ್ದರೆ ಅಂಟು ತೊಳೆದುಹೋಗುತ್ತದೆ, ಅದು ನನ್ನ ನೆಪ. ಹೆಸರು ಒಂದು ಗುಳ್ಳೆಯೂ ಇಲ್ಲದೆ ಕುಳಿತಿತು. ಆ ಮಳೆಗಾಲದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಚೊಕ್ಕ ಕೆಲಸ ಅದೇ.

ಅಕ್ಷರಗಳು ಉಳಿಯಬೇಕಾದರೆ ಮೇಲೆ ಇಡೀ ಮೈಗೆ ಲ್ಯಾಕರ್ ಹೊಡೆಯಬೇಕು. ಮಳೆ ಬಿಡಲಿಲ್ಲ. ಕೃಷ್ಣೆ ತುಂಬಿ ಗಲಗಲಿಯ ಕಡೆ ಹೊಲಗಳಿಗೆ ನೀರು ನುಗ್ಗಿದೆ ಎಂದು ಅಂಗಡಿಗೆ ಬಂದವರು ಹೇಳುತ್ತಿದ್ದರು. ಸರ್ ತಡೆಯಲಾರದೆ ಒಂದು ಮೋಡದ ದಿನವೇ ಹೊಡೆದರು, ರೆಕ್ಕೆಯೆಲ್ಲ ಬೆಳ್ಳಗಾಯಿತು. ಇಬ್ಬರೂ ಕುಳಿತು ನಾಲ್ಕು ದಿನ ನೀರು ಕಾಗದದಿಂದ, ಅಂದರೆ ನೆನೆಸಿ ತಿಕ್ಕುವ ಉಪ್ಪುಕಾಗದದಿಂದ, ಅದನ್ನು ತಿಕ್ಕಿ ತೆಗೆದೆವು. ಮಹಾನವಮಿಗೆ ಸ್ವಲ್ಪ ಮೊದಲು ಕೊನೆಗೂ ಒಣ ಬಿಸಿಲು ಬಿತ್ತು. ಅವತ್ತು ಹೊಡೆದ ಲ್ಯಾಕರ್ ಗಾಜಿನಂತೆ ನಿಂತಿತು.

ಆ ಸಂಜೆ ಮಾಳಿಗೆಯ ಬಯಲಿನಲ್ಲಿ ವಿಮಾನ ಇಟ್ಟು ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಬಾಗಿಲ ಮೇಲಿನ ಹೆಸರು ಚೆನ್ನಾಗಿ ಕಾಣುವಂತೆ ತೆಗೆದೆ. ಸರ್ ಅವರನ್ನು ಕೇಳಲಿಲ್ಲ. 'ನಮ್ಮ ಜಮಖಂಡಿಯ ಪೈಲಟ್ ಕ್ಯಾಪ್ಟನ್ ವೀಣಾ ಅವರ ವಿಮಾನ. ಸ್ಟಿಕರ್ ಕೆಲಸ ನಮ್ಮಲ್ಲಿ' ಎಂದು ಬರೆದು ನನ್ನ ಸ್ಟೇಟಸ್ಸಿಗೆ ಹಾಕಿದೆ, ಅಂಗಡಿಯ ಗ್ರೂಪಿಗೂ ಹಾಕಿದೆ. ಮಾಮಾ ಭಾಳ ಛಲೋ ಆಗೈತಿ ಅಂದ.

ಎರಡು ದಿನದಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು. ಮೂರನೆಯ ದಿನ ಬನಹಟ್ಟಿ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ತೇರದಾಳದ ಹೆಂಗಸೊಬ್ಬಳು ತನ್ನ ಮೊಬೈಲಿನಲ್ಲಿ ಅದೇ ಫೋಟೋ ತೋರಿಸಿ, "ನಮ್ಮ ಕಡೀ ಹುಡುಗಿ ಅಂತ ನೋಡ್ರಿ, ವಿಮಾನ ತಗೊಂಡಾಳಂತ," ಎಂದಳು. ನಾನು ಹೆಮ್ಮೆಯಿಂದ ಅಕ್ಷರ ನನ್ನದೇ ಅಂದೆ. ಆಮೇಲೆ ರಬಕವಿಯ ಕಡೆಯ ಒಂದು ಹೆಣ್ಣುಮಕ್ಕಳ ಶಾಲೆಯಿಂದ ನಮ್ಮ ಅಂಗಡಿಗೇ ಫ್ಲೆಕ್ಸಿನ ಆರ್ಡರ್ ಬಂತು. ಶಾಲೆಯ ಕಾರ್ಯಕ್ರಮಕ್ಕೆ ಕ್ಯಾಪ್ಟನ್ ವೀಣಾ ಮುಖ್ಯ ಅತಿಥಿ. ಅವರ ತಂದೆಗೆ ಫೋನ್ ಮಾಡಿದ್ದೆವು, ಹೂಂ ಅಂದಿದ್ದಾರೆ ಎಂದರು ಆರ್ಡರ್ ಕೊಟ್ಟವರು. ನಾನೇ ಡಿಸೈನ್ ಮಾಡಿದೆ. ಹಿಂದೆ ನೀಲಿ ಆಕಾಶ ಹಾಕಿದೆ.

ಫ್ಲೆಕ್ಸು ಮಷಿನ್ನಿನಿಂದ ಇಳಿದು ಅಂಗಡಿಯ ಗೋಡೆಗೆ ಒಣಗಲು ತೂಗಿದ್ದ ದಿನವೇ ಅವಳು ಬಂದಳು. ಹೆಗಲಲ್ಲಿ ಬ್ಯಾಗು, ಹುಬ್ಬಳ್ಳಿ ಬಸ್ಸಿನ ಧೂಳು ಇನ್ನೂ ಬಟ್ಟೆಯ ಮೇಲಿತ್ತು. ನಾನು ಗುರುತು ಹಿಡಿಯಲಿಲ್ಲ. ಗೋಡೆಯ ಫ್ಲೆಕ್ಸಿನ ಮುಂದೆ ಅವಳು ಸುಮ್ಮನೆ ನಿಂತಾಗ ಏನೋ ಅಳುಕಾಯಿತು.

"ಸುವರ್ಣಾ ಅಂದ್ರ ನೀವೇನು?"

"ಹೌದ್ರಿ."

"ನಾ ವೀಣಾ. ನನ್ನ ಹೆಸರ ಅಂಟಿಸಿದಾಕಿ ನೀನ ಅಲಾ?"

ನಾನು ಎದ್ದು, ಕುರ್ಚಿ ಸರಿಸಿ, ಕುಂಡ್ರಿ ಅಂದೆ. ಕೂರಲಿಲ್ಲ.

"ನಾ ಪೈಲಟ್ ಅಲ್ಲ," ಎಂದಳು. ದನಿ ಏರಿಸಲಿಲ್ಲ. "ಬಿಟ್ಟ ಬಂದ ಎರಡ ವರ್ಷ ಆತು. ಹುಬ್ಬಳ್ಳ್ಯಾಗ ಒಂದು ಔಷಧಿ ಗೋಡೌನಿನಾಗ ಕೆಲಸಾ ಮಾಡತೇನಿ. ನಿನ್ನಿ ನಮ್ಮ ಆಫೀಸಿನಾಗ ಎಲ್ಲಾರೂ ಎದ್ದ ನಿಂತು ನನಗ ಸೆಲ್ಯೂಟ್ ಹೊಡದ್ರು. ಚ್ಯಾಷ್ಟಿ ಮಾಡಾಕತ್ತಾರೋ ಖರೇ ಅಂದ್ಕೊಂಡಾರೋ ತಿಳೀಲಿಲ್ಲ."

"ಸರ್ ಹೇಳಿದ್ರು… ಇನ್ನೊಂದಿಷ್ಟ ತಾಸು ಉಳದೈತಿ ಅಂತ."

"ಅಪ್ಪ ಹಂಗ ಹೇಳತಾನ. ನನಗೂ ಹಂಗ ಹೇಳತಾನ." ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಹೇಳಿದಳು, "ಒಬ್ಬಾಕೀನ ಹಾರಸೂವಾಗ ಒಂದಿನ ಮೋಡದಾಗ ಸಿಕ್ಕೊಂಡೆ. ಇಳದೆ, ಏನೂ ಆಗಲಿಲ್ಲ. ಮರುದಿನ ಹತ್ತಾಕ ಹೋದೆ, ಆಗಲಿಲ್ಲ. ಮತ್ತ ಆಗಲೇ ಇಲ್ಲ. ಅಷ್ಟ."

ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಇವಳನ್ನು ಎದುರಿಟ್ಟುಕೊಂಡು ನಾನು ಅವ್ವನ ಜೊತೆ ಇಡೀ ಮಳೆಗಾಲ ವಾದಿಸಿದ್ದೆ. ನನ್ನ ಆಧಾರವನ್ನು ಇವಳೇ ಬಂದು ಕಿತ್ತುಕೊಂಡಂತಾಯಿತು. ಸುಮ್ಮನೆ ಒಂದು ಮೋಡಕ್ಕೆ ಹೆದರಿ ಬಿಡುವುದೇ ಎಂದು ಒಳಗೊಳಗೇ ಅಂದುಕೊಂಡೆ. ನಾನು ಅಲ್ಲಿಯತನಕ ಏರಿದ್ದ ದೊಡ್ಡ ಎತ್ತರವೆಂದರೆ ಆ ಮಾಳಿಗೆ.

"ಅದನ್ನ ತಗೀಬೇಕು," ಎಂದಳು.

"ಮ್ಯಾಲೆ ಲ್ಯಾಕರ್ ಕುಂತೈತ್ರಿ. ತಗದ್ರ ಬಣ್ಣಾನೂ ಬರತೈತಿ. ಸರ್ ಅವರನ್ನ ಒಂದ ಮಾತ…"

"ಹೆಸರ ಯಾರದು?"

ಮಾಮಾ ಅಷ್ಟರಲ್ಲಿ ಎದ್ದು ಗೋಡೆಯ ಫ್ಲೆಕ್ಸನ್ನು ಸುರುಳಿ ಸುತ್ತತೊಡಗಿದ್ದ. "ಹೋಗು ಸುವರ್ಣಾ," ಎಂದ. "ನಾ ಅಂಗಡಿ ನೋಡ್ಕೊಂತೇನಿ."

ಮಾಳಿಗೆಯಲ್ಲಿ ಸರ್ ರಿಮೋಟಿನ ಬ್ಯಾಟರಿ ಚಾರ್ಜಿಗೆ ಹಚ್ಚುತ್ತ ಕುಳಿತಿದ್ದರು. ಮಗಳನ್ನು ಕಂಡು ಮುಖ ಅರಳಿತು. ಹಿಂದೆ ನನ್ನನ್ನೂ, ನನ್ನ ಕೈಯಲ್ಲಿದ್ದ ನೀರು ಕಾಗದದ ಪೊಟ್ಟಣವನ್ನೂ ಕಂಡು ಹಾಗೇ ಬಾಡಿತು. ವೀಣಾ ವಿಮಾನದ ಸುತ್ತ ಒಂದು ಸುತ್ತು ಬಂದಳು. ರೆಕ್ಕೆಯ ಮೇಲಿನ ಮೊಳೆಗಳನ್ನು ಬೆರಳಿಂದ ಸವರಿದಳು. ಕಿಟಕಿಯಲ್ಲಿ ಇಣುಕಿ ಗೊಂಬೆಯನ್ನು ನೋಡಿದಾಗ ಮಾತ್ರ ಅವಳಿಗೆ ಸಣ್ಣಗೆ ನಗು ಬಂತು. "ನಾ ಜಡಿ ಹಾಕ್ಕೊಂತಿರಲಿಲ್ಲ," ಎಂದಳು. ಆಮೇಲೆ ಗೋಡೆಗೆ ಹಚ್ಚಿದ್ದ ಫೋಟೋದ ತುಂಡುಗಳನ್ನು ನೋಡಿದಳು. ಬಾಗಿಲಿತ್ತು, ಚಕ್ರವಿತ್ತು, ಬಾಗಿಲ ಮೇಲಿನ ಅವಳ ಕೈಯೂ ಇತ್ತು.

"ಇದರಾಗ ನಾ ಇದ್ನಲ್ಲ ಅಪ್ಪಾ. ಎಲ್ಲಿ ಹೋದೆ?"

"ವಿಮಾನ ಕಾಣಲಿ ಅಂತ ಕತ್ತರಿಸೇನಿ ಯವ್ವಾ," ಎಂದರು ಸರ್. ಹೇಳಿದ ಮೇಲೆ ಅವರಿಗೇ ಅದು ಸರಿ ಕಾಣಲಿಲ್ಲವೇನೋ, ತಲೆ ತಗ್ಗಿಸಿದರು.

"ಆ ಹೆಸರ ತಗಸು."

"ಜನಾ ಕೇಳಿದ್ರ ಏನ ಹೇಳಲಿ?"

"ಬಿಟ್ಟ ಬಂದಾಳ ಅಂತ ಹೇಳು."

"ಯಾಕ ಬಿಟ್ಟಾಳ ಅಂತ ಕೇಳತಾರ."

"ಹೆದರಿ ಬಿಟ್ಟಾಳ ಅಂತ ಹೇಳು."

"ಹೆದರಿಕಿ ಎಲ್ಲಾರಿಗೂ ಇರತೈತಿ ವೀಣಾ. ಹೆದರಿಕಿ ಆತು ಅಂತ ಯಾರರ ಕೈಗೆ ಬಂದದ್ದ ಬಿಡತಾರೇನು? ಇನ್ನೊಂದ ಸಲ ಹೋಗಿದ್ರ…"

"ಎರಡ ವರ್ಷ ಆತು," ಎಂದಳು ಅವಳು. "ಆವತ್ತ ಏನಾತು ಅಂತ ಒಮ್ಮೆರ ಕೇಳೀ ಏನು ನನಗ?"

ಸರ್ ಕಿಟಕಿಯತ್ತ ತಿರುಗಿದರು. ಕೇಳಬಹುದಿತ್ತು. ಆ ಗಳಿಗೆಯಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಬಾಗಿಲ ಬಳಿ ಯಾವಾಗ ಬಂದು ನಿಂತಿದ್ದರೋ, ಕಾಕಿ ಹೇಳಿದರು, "ಸುವರ್ಣಾ, ತಗಿಯವ್ವಾ ಅದನ್ನ."

"ತಗೀತೀರಿ ಅಂದ್ರ ತಗೀರಿ," ಎಂದು ಸರ್ ಎದ್ದರು. "ನಾ ನೋಡೂದಿಲ್ಲ." ಮೆಟ್ಟಿಲಿಳಿದು ಹೋದರು.

ನಾನು ಬಟ್ಟಲಿಗೆ ನೀರು ಹಾಕಿಕೊಂಡು ಕುಳಿತೆ. ಕಾಗದ ನೆನೆಸಿ ತಿಕ್ಕತೊಡಗಿದೆ. ಮೊದಲು ಲ್ಯಾಕರಿನ ಹೊಳಪು ಹೋಯಿತು. ಆಮೇಲೆ ಕ್ಯಾಪ್ಟನ್ ಹೋಯಿತು. ವೀಣಾ ಎನ್ನುವುದು ಬೇಗ ಹೋಗಲಿಲ್ಲ. ಅಷ್ಟು ಚೆನ್ನಾಗಿ ಕೂರಿಸಿದ್ದೆ. ಅಕ್ಷರದ ಜೊತೆ ಬಿಳಿ ಬಣ್ಣವೂ ಹೋಗಿ, ಕೆಳಗಿನ ಬೂದು ಅಸ್ತರು ಕಂಡು, ಒಂದು ಕಡೆ ಕಟ್ಟಿಗೆಯೂ ಕಂಡಿತು. ಅವಳು ಪಕ್ಕದಲ್ಲಿ ಕುಳಿತು ಮುಗಿಯುವ ತನಕ ನೋಡಿದಳು. ನನ್ನ ಸಿಟ್ಟು ಯಾವ ಅಕ್ಷರದ ಹೊತ್ತಿಗೆ ಇಳಿಯಿತೋ ಗೊತ್ತಿಲ್ಲ.

"ಸಾಲೀಗೂ ನೀವ ಬಂದ ಹೇಳತೀರೇನ್ರಿ?" ಎಂದು ಕೇಳಿದೆ.

"ನಾ ಯಾಕ ಹೇಳಲಿ? ಹಬ್ಬಿಸಿದಾಕಿ ನೀನು. ನೀನ ಹೋಗಿ ಹೇಳು."

ಮರುದಿನ ಹೋದೆ. ಫ್ಲೆಕ್ಸು ಬರಲಿಲ್ಲವೇಕೆ ಎಂದು ಹೆಡ್ ಮೇಡಂ ಕಾಯುತ್ತಿದ್ದರು. ಒಳಗೆ ಯಾವುದೋ ಕೋಣೆಯಲ್ಲಿ ಹುಡುಗಿಯರು ಸ್ವಾಗತಗೀತೆ ಕಲಿಯುವುದು ಕೇಳಿಸುತ್ತಿತ್ತು. ನಾನು ನಿಂತೇ ಹೇಳಿದೆ: ಫೋಟೋ ಹಾಕಿದ್ದು ನಾನು, ಅದರಲ್ಲಿ ಬರೆದದ್ದು ನಿಜವಲ್ಲ, ಅವರನ್ನು ಕೇಳದೆ ಹಾಕಿದ್ದು.

"ಅಂದ್ರ ಖಾತ್ರಿ ಮಾಡ್ಕೊಳ್ಳದನ ಹಾಕಿದ್ರಿ?"

"ಹೌದ್ರಿ ಮೇಡಂ."

ಅವರು ಮೇಜಿನ ಮೇಲಿನ ಕಾಗದವನ್ನು ಪಕ್ಕಕ್ಕೆ ಸರಿಸಿದರು. "ನಾವೂ ಖಾತ್ರಿ ಮಾಡ್ಕೊಳ್ಳಲಿಲ್ಲ ಬಿಡ್ರಿ. ಹುಡಿಗ್ಯಾರಿಗೆ ಏನಂತ ಹೇಳಲಿ ಈಗ?" ಎಂದವರು, ನಾನು ಹೊರಡುವಾಗ ಕೇಳಿದರು, "ಒಬ್ಬಾಕೀನ ವಿಮಾನ ಹಾರಿಸಿದ್ದರ ಖರೇನೋ ಇಲ್ಲೋ?"

"ಅದು ಖರೇ ಐತ್ರಿ," ಎಂದೆ. ಹೇಳುವಾಗಲೇ ನನಗೆ ಹೊಳೆಯಿತು. ಆ ಖರೆ ಸಂಗತಿಯೇ ಎಷ್ಟು ದೊಡ್ಡದಿತ್ತು. ಅದರ ಮೇಲೆ ನಾನು ಏನನ್ನೂ ಅಂಟಿಸಬೇಕಾಗಿರಲಿಲ್ಲ.

ಫೋಟೋ ತೆಗೆದುಹಾಕಿ ತಪ್ಪಾಯಿತೆಂದು ಎಲ್ಲ ಗ್ರೂಪಿಗೂ ಬರೆದೆ. ಅದನ್ನು ಯಾರೂ ಮುಂದೆ ಕಳಿಸಲಿಲ್ಲ. ಹಳೆಯ ಫೋಟೋ ಮಾತ್ರ ದೀಪಾವಳಿಯ ತನಕ ಎಲ್ಲಿಂದಲೋ ನನಗೇ ವಾಪಸ್ಸು ಬರುತ್ತಿತ್ತು.

ಆಮೇಲೆ ಮೂರು ವಾರ ನಾನು ಆ ಮನೆಯ ಓಣಿಗೆ ಕಾಲಿಡಲಿಲ್ಲ. ಸರ್ ಕೂಡ ಅಂಗಡಿಗೆ ಬರಲಿಲ್ಲ. ಮಳೆ ಹಿಂದೆ ಬಿದ್ದು, ಕಬ್ಬಿನ ಕಟಾವು ಶುರುವಾಗಿ, ಊರೊಳಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಅವುಗಳ ಹಿಂದಿನ ಹೆಸರುಗಳನ್ನು ಕತ್ತರಿಸುತ್ತ ನಾನು ಸ್ಪೆಲಿಂಗ್ ಅಷ್ಟೇ ಅಲ್ಲ, ಯಾರ ಟ್ರ್ಯಾಕ್ಟರು, ಯಾರು ಹೇಳಿದ್ದು ಎಂದೂ ಕೇಳತೊಡಗಿದ್ದೆ. ಗಿರಾಕಿಗಳಿಗೆ ವಿಚಿತ್ರ ಅನ್ನಿಸುತ್ತಿತ್ತು.

ದೀಪಾವಳಿಯ ಪಾಡ್ಯ ಕಳೆದ ಮರುದಿನ ಮುಂಜಾನೆ ಕಾಕಿ ಫೋನ್ ಮಾಡಿದರು. "ಇವತ್ತ ಹಾರಸ್ತಾರಂತ. ನಿನಗೂ ಬಾ ಅಂದಾರ. ವೀಣಾನೂ ಬಂದಾಳ ಹಬ್ಬಕ್ಕ."

ಮುಧೋಳ ರಸ್ತೆಯಲ್ಲಿ ಸರ್ ಅವರ ಅಣ್ಣತಮ್ಮಂದಿರ ಹೊಲ. ಕಬ್ಬು ಕಡಿದಿದ್ದರು. ಹೊಲದ ನಡುವೆ ಗರಸು ಹಾಕಿದ ನೇರ ದಾರಿಯೊಂದಿತ್ತು, ಅದೇ ರನ್‌ವೇ. ವಿಮಾನದ ಬಾಗಿಲಿಗೆ ಸರ್ ತಾವೇ ಬಣ್ಣ ಬಳಿದಿದ್ದರು. ಹೊಸ ಬಿಳಿ ಹಳೆಯದಕ್ಕಿಂತ ಒಂಚೂರು ಹಳದಿಯಾಗಿ ಕಾಣುತ್ತಿತ್ತು. ಮೇಲೆ ಏನೂ ಬರೆದಿರಲಿಲ್ಲ. ಅಪ್ಪ ಮಗಳು ಬೇಕಾದಷ್ಟೇ ಮಾತಾಡುತ್ತಿದ್ದರು. ಬ್ಯಾಟರಿ ಕೊಡು, ಬಾಲ ಹಿಡಿ, ಗಾಳಿ ಯಾವ ಕಡೆಯಿಂದ ಐತಿ ನೋಡು.

ಮೋಟರು ಗುಂಯ್ಗುಟ್ಟಿತು. ವಿಮಾನ ಗರಸಿನ ಮೇಲೆ ಓಡಿ, ಬಾಲ ಎತ್ತಿ, ತಾನೇ ತಾನಾಗಿ ನೆಲ ಬಿಟ್ಟಿತು. ಎಷ್ಟು ಚೆಂದ ಹಾರಿತು ಅಂತ ಹೇಳಲು ನನಗೆ ಬರುವುದಿಲ್ಲ. ಎರಡು ಸುತ್ತು ಹೊಡೆಯಿತು. ನಾನು ಇಟ್ಟ ಮೊಳೆ, ಎಳೆದ ಗೆರೆ ಒಂದೂ ಕಾಣುತ್ತಿರಲಿಲ್ಲ. ಆದರೂ ಅದು ಆಟಿಕೆಯಂತೆ ಕಾಣದೆ, ದೂರದಲ್ಲಿ ಹೊರಟಿರುವ ನಿಜವಾದ ವಿಮಾನದಂತೆ ಕಾಣುತ್ತಿತ್ತು.

ಮೂರನೆಯ ಸುತ್ತಿಗೆ ಅದು ಸೂರ್ಯನ ಕಡೆ ತಿರುಗಿತು. ಸರ್ ಕಣ್ಣು ಕಿರಿದು ಮಾಡಿದರು. ಕತ್ತು ಅತ್ತಿತ್ತ ಆಡಿಸಿದರು.

"ಕಾಣವಲ್ತು," ಎಂದರು. "ಬರಾಕತ್ತೈತೋ ಹೋಗಾಕತ್ತೈತೋ ತಿಳೀವಲ್ತು."

ವಿಮಾನ ಒಂದು ರೆಕ್ಕೆ ಕೆಳಗೆ ಮಾಡಿ ಇಳಿಯತೊಡಗಿತ್ತು. ಸರ್ ಅವರ ಎರಡೂ ಹೆಬ್ಬೆರಳು ರಿಮೋಟಿನ ಕಡ್ಡಿಗಳ ಮೇಲಿದ್ದವು, ಅಲುಗುತ್ತಿರಲಿಲ್ಲ. ಮೂವತ್ತು ವರ್ಷ ಕೈಗೆಲಸ ಕಲಿಸಿದ ಮನುಷ್ಯನ ಬೆರಳು ಹಾಗೆ ಕಲ್ಲಾದದ್ದನ್ನು ನಾನು ನೋಡಿದೆ.

"ನೀ ತಗೋ ವೀಣಾ. ತಗೋ ಇದನ್ನ."

ಅವಳು ಕೈ ಚಾಚಿದಳು, ಚಾಚಿ ಹಿಂದೆ ತೆಗೆದುಕೊಂಡಳು. "ಇದು ನನಗ ಬರೂದಿಲ್ಲ ಅಪ್ಪಾ. ನಾ ಹೇಳತೇನಿ, ನೀ ಮಾಡು." ಅವರ ಬೆನ್ನಿಗೆ ಒತ್ತಿ ನಿಂತಳು. "ಮೋಟರ್ ಸಣ್ಣ ಮಾಡು. ದೂರ ಹೋಗಾಕತ್ತೈತಿ. ಎಡಕ್ಕ. ಇನ್ನಷ್ಟ ಎಡಕ್ಕ. ಆತು, ಬಿಡು. ಈಗ ನಮ್ಮ ಕಡೆ ಬರಾಕತ್ತೈತಿ. ಅವಸರ ಮಾಡಬ್ಯಾಡ. ಮೂಗ ಸ್ವಲ್ಪ ಎತ್ತು."

ದನಿ ಎಲ್ಲೂ ಏರಲಿಲ್ಲ. ಸರ್ ಅವರ ಬೆರಳು ಮೆಲ್ಲಗೆ ಆಡತೊಡಗಿತು. ವಿಮಾನ ಬಂತು, ಆದರೆ ದಾರಿಗೆ ಬರಲಿಲ್ಲ. ದಾರಿಯ ಆಚೆ, ಕಬ್ಬಿನ ಕೂಳೆಯ ಮೇಲೆ ಇಳಿಯಿತು. ಚಕ್ರ ಸಿಕ್ಕಿ ಮಗುಚಿತು. ರೆಕ್ಕೆ ಮುರಿದ ಸದ್ದು ನಾವು ನಿಂತಲ್ಲಿಗೆ ಕೇಳಿಸಿತು.

ಹತ್ತಿರ ಹೋದೆವು. ಒಂದು ರೆಕ್ಕೆ ಬುಡದಿಂದ ಕಿತ್ತು ಬಂದಿತ್ತು. ಸರ್ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತರು, ಮುಟ್ಟಲಿಲ್ಲ. ವೀಣಾ ಪಕ್ಕದಲ್ಲಿ ಕುಳಿತಳು. ಕಾಕಿ ದಾರಿಯ ಮೇಲೇ ನಿಂತಿದ್ದರು.

"ಏನ ಮಾಡಬೇಕು ಅಂತ ನನಗ ಗೊತ್ತಿತ್ತು," ಎಂದರು ಸರ್, ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತ. "ಎಲ್ಲಾ ಗೊತ್ತಿತ್ತು. ಕೈ ಆಡಲಿಲ್ಲ."

"ಹೂಂ," ಎಂದಳು ವೀಣಾ.

ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಸರ್ ಕೇಳಿದರು.

"ಆವತ್ತ ಏನಾತು?"

ಅವಳು ಕೂಳೆಯಿಂದ ವಿಮಾನವನ್ನು ಬಿಡಿಸಿ ಎತ್ತಿಕೊಂಡಳು. "ಮುಂಜಾನಿಂದ ಹೇಳಬೇಕಾಗತೈತಿ," ಎಂದಳು. "ಒಮ್ಮಿಗೇ ಆದದ್ದಲ್ಲ ಅದು."

"ಹೇಳು."

ಇಬ್ಬರೂ ಎದ್ದು ಬದುವಿನ ಮೇಲೆ ಮೆಲ್ಲಗೆ ನಡೆಯತೊಡಗಿದರು. ಅವಳು ಹೇಳುತ್ತಿದ್ದಳು, ಅವರು ತಲೆ ತಗ್ಗಿಸಿ ಕೇಳುತ್ತಿದ್ದರು. ನಾನು ಮುರಿದ ರೆಕ್ಕೆ ಎತ್ತಿಕೊಂಡು ಹಿಂದೆ ಹೊರಟೆ. ಮೊದಲ ನಾಲ್ಕು ಮಾತು ಕಿವಿಗೆ ಬಿದ್ದವು. ನಾನು ಹೆಜ್ಜೆ ಸಾವಕಾಶ ಮಾಡಿದೆ. ಇನ್ನೂ ಸಾವಕಾಶ ಮಾಡಿದೆ. ಅವಳ ದನಿ ಕೇಳಿಸುತ್ತಿದ್ದರೂ ಮಾತು ತಿಳಿಯದಷ್ಟು ದೂರವಾದ ಮೇಲೆ, ಆ ದೂರವನ್ನು ಹಾಗೇ ಇಟ್ಟುಕೊಂಡು ನಡೆದೆ.